ಹಸಿರಾದ ಬಾಣ

ತ್ರಿವೇಣಿಯ ಕೆಲಸಕ್ಕೆ ಒಂದು ಕ್ರಮವಿತ್ತು. ಬೆಳಿಗ್ಗೆ ಮೊದಲು ಓದುಗರ ಪ್ರಶ್ನೆಗಳಿಗೆ ಉತ್ತರ, ಆಮೇಲೆ ಹೊಸ ಸಂಶೋಧನಾ ಪ್ರಬಂಧಗಳ ಓದು, ಊಟವಾದ ಮೇಲೆ ಹಳೆಯ ಪುಟಗಳ ತಿದ್ದುಪಡಿ. ಹಿಂದೂಪುರದ ಮನೆಯ ಮಹಡಿ ಕೋಣೆಯಲ್ಲಿ ಕೂತು ಈ ಕ್ರಮವನ್ನು ಅವಳು ಎಷ್ಟು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದಳೆಂದರೆ, ಕೆಳಗೆ ಅಡುಗೆಮನೆಯಲ್ಲಿದ್ದ ತಾಯಿ ಗುರುಶಾಂತಮ್ಮ ಮಗಳ ಕುರ್ಚಿ ಸರಿದ ಸದ್ದು ಕೇಳಿಯೇ ಟೀಗೆ ನೀರಿಡುತ್ತಿದ್ದಳು.

ಅವಳು ಕೆಲಸ ಮಾಡುತ್ತಿದ್ದುದು ಪಥಕೋಶ ಎಂಬ ಜಾಲತಾಣಕ್ಕೆ. ಕಡಲೆಕಾಯಿ ಗಿಡದ ಜೀವಕೋಶದೊಳಗೆ ಯಾವ ವಸ್ತು ಯಾವುದಾಗಿ ಮಾರ್ಪಡುತ್ತದೆ ಎಂಬುದರ ನಕ್ಷೆಗಳು ಅದರಲ್ಲಿದ್ದವು. ಒಂದು ವಸ್ತು ಇನ್ನೊಂದಾಗುವುದಕ್ಕೆ ಒಂದು ಬಾಣ. ಬಾಣದ ಮೇಲೆ ಆ ಕೆಲಸ ಮಾಡುವ ಕಿಣ್ವದ ಹೆಸರು. ಮೊದಲು ಈ ಬಾಣಗಳನ್ನೆಲ್ಲ ಕಂಪ್ಯೂಟರೇ ಊಹಿಸಿ ಬರೆಯುತ್ತಿತ್ತು. ಬೇರೆ ಗಿಡದಲ್ಲಿ ಇಂಥ ಜೀನು ಇಂಥ ಕೆಲಸ ಮಾಡುತ್ತದೆ, ಅದನ್ನು ಹೋಲುವ ಜೀನು ಕಡಲೆಕಾಯಿಯಲ್ಲೂ ಇದೆ, ಹಾಗಾದರೆ ಇಲ್ಲೂ ಅದೇ ಕೆಲಸವಿರಬೇಕು ಎಂದು. ಊಹೆಯ ಬಾಣಗಳ ಬಣ್ಣ ಬೂದಿ. ಯಾರಾದರೂ ನಿಜವಾಗಿ ಪ್ರಯೋಗ ಮಾಡಿ ಕಂಡಿದ್ದರೆ, ಆ ಪ್ರಬಂಧವನ್ನು ಓದಿ, ತೂಗಿ ನೋಡಿ, ಬೂದಿಯನ್ನು ಹಸಿರು ಮಾಡುವುದು ಪರಿಶೀಲಕರ ಹೊಣೆ. ತ್ರಿವೇಣಿ ಪರಿಶೀಲಕಿ. ಜಗತ್ತಿನ ಯಾವ ಮೂಲೆಯ ಸಂಶೋಧಕನಾದರೂ ಆ ಹಸಿರನ್ನು ನಂಬಿ ಮುಂದಿನ ಕೆಲಸಕ್ಕೆ ಕೈ ಹಾಕಬಹುದು. ಪುಟದ ಕೆಳಗೆ ಚಿಕ್ಕ ಅಕ್ಷರಗಳಲ್ಲಿ ‘ಪರಿಶೀಲನೆ: ಟಿ.ಎಲ್.’ ಎಂದಿರುತ್ತಿತ್ತು. ಅಪ್ಪ ಲಿಂಗಣ್ಣನ ಹೆಸರಿನ ಮೊದಲಕ್ಷರ ತನ್ನ ಹೆಸರಿನ ಪಕ್ಕದಲ್ಲಿ ಲೋಕಕ್ಕೆಲ್ಲ ಕಾಣುವುದು ಅವಳಿಗೆ ಒಳಗೊಳಗೇ ಹೆಮ್ಮೆ.

ಆ ಸೋಮವಾರದ ಮೊದಲ ಪ್ರಶ್ನೆ ಕಲ್ಯಾಣದುರ್ಗದಿಂದ ಬಂದಿತ್ತು. ಬರೆದವಳ ಹೆಸರು ಕೀರ್ತನಾ, ಎಂ.ಎಸ್ಸಿ. ಕೊನೆಯ ವರ್ಷ. ಕಡಲೆಬೀಜದ ಕೆಂಪು ಸಿಪ್ಪೆಯಲ್ಲಿ ಬೂಷ್ಟನ್ನು ತಡೆಯುವ ಒಂದು ವಸ್ತು ತಯಾರಾಗುವ ದಾರಿ ಪಥಕೋಶದಲ್ಲಿತ್ತು. ಆ ದಾರಿಯ ಕೊನೆಯ ಬಾಣದ ಬಗ್ಗೆ ಅವಳ ಸಂದೇಹ. ‘ಈ ಬಾಣ ನಿಮ್ಮಲ್ಲಿ ಹಸಿರಾಗಿದೆ. ವರ್ಷವಿಡೀ ಪ್ರಯತ್ನಿಸಿದರೂ ಆ ಕಿಣ್ವದ ಕೆಲಸ ನನಗೆ ಕಾಣುತ್ತಿಲ್ಲ. ನನ್ನ ಗೈಡ್ ಹೇಳುವಂತೆ ನನ್ನ ಕೈಯ ದೋಷವಿರಬೇಕು. ಎಲ್ಲಿ ತಪ್ಪುತ್ತಿದ್ದೇನೆ ಎಂದು ದಯವಿಟ್ಟು ತಿಳಿಸಿ’ ಎಂದು ಬರೆದು ಒಂದು ಗ್ರಾಫ್ ಲಗತ್ತಿಸಿದ್ದಳು. ಅದರಲ್ಲಿ ಎರಡು ಗೆರೆ. ಆ ಕಿಣ್ವ ಇರುವುದು ಖಚಿತವಾಗಿದ್ದರಿಂದ ಹೋಲಿಕೆಗೆಂದು ಇಟ್ಟ ದ್ರಾಕ್ಷಿ ಸಿಪ್ಪೆಯ ಗೆರೆ ಚೆನ್ನಾಗಿ ಮೇಲೇರಿತ್ತು. ಕಡಲೆಕಾಯಿಯ ಗೆರೆ ನೆಲಕ್ಕಂಟಿ ಮಲಗಿತ್ತು. ದ್ರಾಕ್ಷಿಯ ಗೆರೆಯ ನಡುವೆ ಒಂದು ಸಣ್ಣ ಕಚ್ಚು ಇತ್ತು. ಅದಕ್ಕೂ ಹುಡುಗಿ ವಿವರಣೆ ಕೊಟ್ಟಿದ್ದಳು: ‘ನಮ್ಮ ಯಂತ್ರದ ಮುಚ್ಚಳ ಸಡಿಲ, ಒಂದು ಕ್ಷಣ ಬೆಳಕು ನುಗ್ಗಿದೆ, ಕ್ಷಮಿಸಿ.’

ಇಷ್ಟು ಒಪ್ಪವಾಗಿ ಪ್ರಶ್ನೆ ಕೇಳುವವರು ಅಪರೂಪ. ತ್ರಿವೇಣಿಗೆ ಹುಡುಗಿ ಹಿಡಿಸಿದಳು. ಹಸಿರಿನ ಹಿಂದಿರುವ ಪ್ರಬಂಧದಲ್ಲಿ ಯಾವ ವಿಧಾನ ಅನುಸರಿಸಿದ್ದಾರೋ ಅದನ್ನೇ ಬಿಡಿಸಿ ಬರೆದರಾಯಿತು ಎಂದುಕೊಂಡು ಬಾಣದ ಮೇಲೆ ಒತ್ತಿದಳು. ಪುರಾವೆ ಎಂಬಲ್ಲಿ ಒಂದೇ ಪ್ರಬಂಧವಿತ್ತು. ಬರೆದವನು ಅಮರೇಶ್, ಕಲ್ಯಾಣದುರ್ಗ. ಪರಿಶೀಲನೆ: ಟಿ.ಎಲ್.

ಅಮರೇಶ್ ಅವಳ ಸೋದರತ್ತೆಯ ಮಗ. ಕಲ್ಯಾಣದುರ್ಗದ ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಮಾಡುತ್ತ ಪಿಎಚ್.ಡಿ.ಗೆ ಓದುತ್ತಿದ್ದ. ಅವಳಿಗೂ ಅವನಿಗೂ ಕೊಡುವ ತರುವ ಮಾತನ್ನು ಎರಡೂ ಮನೆಯ ಹಿರಿಯರು ಬಾಯಿಬಿಟ್ಟು ಆಡಿರಲಿಲ್ಲ; ಆದರೆ ಹಬ್ಬದ ಊಟಕ್ಕೆ ಇಬ್ಬರ ಎಲೆಯನ್ನೂ ಅಕ್ಕಪಕ್ಕ ಹಾಕುವುದು ರೂಢಿಯಾಗಿತ್ತು. ಮೂರು ವರ್ಷದ ಹಿಂದೆ ಅವನ ಮೊದಲ ಪ್ರಬಂಧ ಅಚ್ಚಾದಾಗ ಅವನು ಪೇಡದ ಪೊಟ್ಟಣ ಹಿಡಿದು ಇದೇ ಮಹಡಿ ಹತ್ತಿ ಬಂದಿದ್ದ. ತ್ರಿವೇಣಿ ಆಗ ಕೆಲಸಕ್ಕೆ ಹೊಸಬಳು. ಅಮೆರಿಕ, ಚೀನಾ, ಜಪಾನುಗಳ ಪ್ರಬಂಧಗಳ ನಡುವೆ ಕಲ್ಯಾಣದುರ್ಗದ್ದೂ ಒಂದಿರಲಿ ಎಂಬ ಆಸೆ ಅವಳನ್ನು ಹಿಡಿದುಕೊಂಡಿತು. ಸಾರಾಂಶ ಓದಿದಳು; ಚೆನ್ನಾಗಿತ್ತು. ಬಾಣವನ್ನು ಹಸಿರು ಮಾಡಿದಳು. ‘ಲೇಖಕರು ನಿಮಗೆ ಬಂಧುಗಳೇ?’ ಎಂಬ ಪ್ರಶ್ನೆಗೆ ‘ಅಲ್ಲ’ ಎಂದು ಗುರುತು ಹಾಕುವಾಗ ಒಂದು ಗಳಿಗೆ ತಡೆದದ್ದು ಅವಳಿಗೆ ಈಗಲೂ ನೆನಪಿತ್ತು. ಮದುವೆಯ ಮಾತು ಯಾರೂ ಎತ್ತಿಲ್ಲವಲ್ಲ, ಸೋದರತ್ತೆಯ ಮಗ ಎಂಬುದನ್ನು ಯಾರು ಕೇಳಿದರು ಎಂದು ಆಗ ಸಮಾಧಾನ ಹೇಳಿಕೊಂಡಿದ್ದಳು.

ಈಗ ಪ್ರಬಂಧವನ್ನು ಮೊದಲಿಂದ ಕೊನೆಯವರೆಗೆ ಓದಿದಳು. ಅಮರೇಶ್ ಸಿಪ್ಪೆಯಲ್ಲಿ ಆ ವಸ್ತು ಎಷ್ಟಿದೆ ಎಂದು ಅಳೆದಿದ್ದ, ನಿಜ. ಅದನ್ನು ಯಾವ ಕಿಣ್ವ ಮಾಡುತ್ತದೆ ಎಂದು ಅವನು ಹುಡುಕಿರಲೇ ಇಲ್ಲ. ಆ ಬಗ್ಗೆ ಇದ್ದದ್ದು ಒಂದು ವಾಕ್ಯ: ‘ಕಡಲೆಕಾಯಿಯಲ್ಲಿ ಈ ಕೆಲಸವನ್ನು ಇಂಥ ಕಿಣ್ವ ಮಾಡುತ್ತದೆ.’ ಆ ವಾಕ್ಯಕ್ಕೆ ಆಧಾರ ಏನೆಂದು ಕೊನೆಯ ಪುಟ ತೆರೆದರೆ ಅಲ್ಲಿದ್ದದ್ದು ಪಥಕೋಶ.

ಅಂದರೆ ಕಂಪ್ಯೂಟರಿನ ಬೂದಿ ಬಣ್ಣದ ಊಹೆಯನ್ನು ನೋಡಿ ಅಮರೇಶ್ ವಾಕ್ಯ ಬರೆದ. ಅಮರೇಶನ ವಾಕ್ಯವನ್ನು ನೋಡಿ ತ್ರಿವೇಣಿ ಊಹೆಯನ್ನು ಹಸಿರು ಮಾಡಿದಳು. ಪಥಕೋಶ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಿತ್ತು. ತಟ್ಟಿದ ಕೈ ಮಾತ್ರ ಇವಳದು. ಕಲ್ಯಾಣದುರ್ಗದ ಒಬ್ಬ ಹುಡುಗಿ ಇಲ್ಲದ್ದನ್ನು ಹುಡುಕುತ್ತ, ಕಾಣದೇ ಹೋದದ್ದಕ್ಕೆ ತನ್ನ ಕೈಯನ್ನೇ ಬೈದುಕೊಳ್ಳುತ್ತ ವರ್ಷ ಕಳೆದಿದ್ದಳು.

ತ್ರಿವೇಣಿಯ ಕಿವಿ ಬಿಸಿಯಾಯಿತು. ಕೋಣೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೂ ಲ್ಯಾಪ್‌ಟಾಪನ್ನು ಅರ್ಧ ಮುಚ್ಚಿದಳು. ಉತ್ತರ ಬರೆಯಲು ಕೂತರೆ ಮೊದಲ ವಾಕ್ಯವೇ ಏಳುತ್ತಿರಲಿಲ್ಲ. ‘ದೋಷ ನಿಮ್ಮ ಕೈಯದಲ್ಲ’ ಎಂದು ಬರೆದರೆ ಹಾಗಾದರೆ ಯಾರದು ಎಂಬುದನ್ನೂ ಬರೆಯಬೇಕು. ಬರೆದದ್ದನ್ನು ಅಳಿಸಿದಳು. ನಾಳೆ ನೋಡೋಣ ಎಂದುಕೊಂಡಳು. ಓದುಗರಿಗೆ ವಾರದೊಳಗೆ ಉತ್ತರ ಹೋಗಬೇಕೆಂಬುದು ನಿಯಮ. ಆ ನಿಯಮವನ್ನು ಅವಳೆಂದೂ ಮೀರಿದವಳಲ್ಲ. ಆ ವಾರ ಮುಗಿಯಿತು. ಇನ್ನೊಂದೂ ಮುಗಿಯಿತು. ಬಿಸಿತುಪ್ಪದಂತೆ ಆ ಪ್ರಶ್ನೆ ಉಗುಳಲೂ ಆಗದೆ, ನುಂಗಲೂ ಆಗದೆ ಗಂಟಲಲ್ಲಿ ನಿಂತಿತ್ತು.

ಅಷ್ಟರಲ್ಲಿ ಒಂದು ಮಧ್ಯಾಹ್ನ ಅಪ್ಪನಿಗೆ ಊಟ ಕೊಡಲು ಅವಳು ಮಾರ್ಕೆಟ್ಟಿಗೆ ಹೋದಳು. ಲಿಂಗಣ್ಣ ಹುಣಸೆಹಣ್ಣಿನ ವ್ಯಾಪಾರಿ. ಮಂಡಿಯಲ್ಲಿ ಅವನ ಜೊತೆ ಸೋಮಶೇಖರಪ್ಪ ಎಂಬ ಹಳೆಯ ಸ್ನೇಹಿತ ಕೂತಿದ್ದ.

“ಬಾರಮ್ಮಯ್ಯ, ಬಾ,” ಎಂದು ಲಿಂಗಣ್ಣ ಗೋಣಿಚೀಲದ ಮೇಲಿನ ಧೂಳು ಕೊಡವಿ ಜಾಗ ಮಾಡಿದ. “ನೋಡಪ್ಪ ಸೋಮಶೇಖರ, ಇವ್ಳೇ ಕಣಪ್ಪ. ಕಳ್ಳೆಕಾಯಿ ಹೊಟ್ಟೆಯಾಗೆ ದಾರಿಗ್ಳು ಐತಂತೆ. ನಮ್ ಹುಡ್ಗಿ ಕೂತ್ಕಂಡು ಅದಕ್ಕೆಲ್ಲ ನಕ್ಷೆ ಮಾಡ್ತಾಳೆ.”

“ಅದ್ರೊಳಗೂ ದಾರಿನಾ?” ಎಂದು ಸೋಮಶೇಖರಪ್ಪ ಕಣ್ಣರಳಿಸಿದ. “ಹಂಗಾರೆ ಕೊಡಿಕೊಂಡದ ಗಡಿಯಾಗೆ ಇದ್ದಂಗೆ ಚೆಕ್‌ಪೋಸ್ಟೂ ಇರ್ಬೇಕಲ್ಲಯ್ಯ?”

“ಇಲ್ದೆ ಏನು? ಇವ್ಳೇ ಚೆಕ್‌ಪೋಸ್ಟು! ಇವ್ಳು ನೋಡಿ ಸೈ ಅನ್ನೋಗಂಟ ಒಂದು ಲಾರಿನೂ ದಾಟಾಕಿಲ್ಲ.”

“ಮಾಮೂಲಿ ಗೀಮೂಲಿ ಏನಾರ ಐತೇನಮ್ಮ?”

ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ತ್ರಿವೇಣಿಗೂ ನಗಬೇಕಾಯಿತು. ಆ ನಗು ಮುಖದ ಮೇಲೆ ಅಂಟಿನಂತೆ ಕೂತು ಮನೆ ಮುಟ್ಟುವವರೆಗೂ ಬಿಡಲಿಲ್ಲ. ಮಾಮೂಲಿ ತೆಗೆದುಕೊಂಡಿದ್ದಳು. ಪೇಡ. ಅದಕ್ಕಿಂತ ಹೆಚ್ಚಾಗಿ, ಹಸಿರು ಬಾಣವನ್ನು ಕಂಡಾಗ ಅಮರೇಶನ ಮುಖದಲ್ಲಿ ಮೂಡಿದ ಬೆಳಕು.

ಅಮರೇಶನ ಫೋನು ಬಂದದ್ದು ಮರುದಿನ. “ತ್ರಿವೇಣಿ, ಬಂದ್ಬುಡ್ತು ಕಣೇ!” ಎಂದ, ಹಲೋ ಅನ್ನುವುದಕ್ಕೂ ಮೊದಲೇ.

“ಏನು ಬಂತು ಬಾವ?”

“ಕಿಣ್ವ! ನಮ್ ಸ್ಟೂಡೆಂಟ್ ಒಬ್ಳವ್ಳೆ, ಕುಂದುರ್ಪಿ ಕಡೆ ಹುಡ್ಗಿ. ಕೀರ್ತನಾ ಅಂತ. ವರ್ಷದಿಂದ ಬರ್ಲಿಲ್ಲ ಬರ್ಲಿಲ್ಲ ಅಂತ ಮೂಗು ಸುರಿಸ್ತಿದ್ಲು. ನಾನು ಬೈದೆ. ಅಮ್ಮಾ, ಪಥಕೋಶದಾಗೆ ಹಸ್ರು ಐತೆ, ಹಸ್ರು ಮಾಡಿರೋಳು ನಮ್ ಮನೆ ಹುಡ್ಗಿ, ಆವಮ್ಮ ಮಾಡಿದ್ರಾಗೆ ತಪ್ಪು ಅನ್ನೋದು ಲೇದು, ನಿನ್ ಕೈಯಾಗೇ ಐತೆ ಐಬು ಅಂದೆ. ಈ ವಾರ ನೋಡು, ಹೆಂಗ್ ಬಂತು! ಗ್ರಾಫ್ ಕಳ್ಸೀನಿ. ಇದನ್ನೂ ಪುರಾವೆ ಅಂತ ಸೇರ್ಸ್ಬುಡು. ನಾನು ಸೆಮಿನಾರಿಗೆ ಹೆಸ್ರು ಕೊಟ್ಟಾಯ್ತು.”

“ಬಾವ, ಒಂದ್ನಿಮಿಷ...”

“ಆಮೇಲೆ ಹೊಗಳೀವಂತೆ. ಕ್ಲಾಸೈತೆ, ಇಡ್ತೀನಿ!”

ತ್ರಿವೇಣಿ ಗ್ರಾಫ್ ತೆರೆದಳು. ಒಂದೇ ಗೆರೆ. ಕೆಳಗೆ ‘ಕಡಲೆಕಾಯಿ ಸಿಪ್ಪೆ’ ಎಂದು ಬರೆದಿತ್ತು. ಗೆರೆ ಚೆನ್ನಾಗಿ ಮೇಲೇರಿತ್ತು. ನಡುವೆ ಒಂದು ಸಣ್ಣ ಕಚ್ಚು. ಅವಳು ಹಳೆಯ ಗ್ರಾಫನ್ನು ಪಕ್ಕದಲ್ಲಿಟ್ಟು ನೋಡಿದಳು. ಅದೇ ಎತ್ತರ, ಅದೇ ಜಾಗದಲ್ಲಿ ಅದೇ ಕಚ್ಚು. ಸಡಿಲ ಮುಚ್ಚಳದಿಂದ ಬೆಳಕು ಎರಡು ಸಲ ನುಗ್ಗಬಹುದು. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಒಂದೇ ಗಳಿಗೆಯಲ್ಲಿ ನುಗ್ಗುವುದಿಲ್ಲ. ಹುಡುಗಿ ದ್ರಾಕ್ಷಿಯ ಗೆರೆಗೆ ಕಡಲೆಕಾಯಿಯ ಹೆಸರಿಟ್ಟಿದ್ದಳು.

ಮುಚ್ಚಳ ಸಡಿಲವೆಂದು ಕ್ಷಮೆ ಕೇಳಿದ ಹುಡುಗಿ! ಆ ಕ್ಷಮೆಗೂ ಈ ಗೆರೆಗೂ ನಡುವೆ ಇದ್ದದ್ದು ತ್ರಿವೇಣಿಯ ಮೌನ ಮಾತ್ರ. ಒಂದು ಸಾಲು ಬರೆದಿದ್ದರೆ ಸಾಕಿತ್ತು. ಈಗ ಈ ಸುಳ್ಳು ಗೆರೆಯನ್ನು ಪಥಕೋಶಕ್ಕೆ ಸೇರಿಸಿದರೆ ಸುಳ್ಳು ಬಾಣಕ್ಕೆ ಅದೇ ಸಾಕ್ಷಿಯಾಗಿ ನಿಲ್ಲುತ್ತಿತ್ತು; ಆಮೇಲೆ ಯಾರೂ ಅಲುಗಾಡಿಸುವಂತಿರಲಿಲ್ಲ. ಸೇರಿಸದೆ ಸುಮ್ಮನಿದ್ದರೆ ಅಮರೇಶ್ ಸೆಮಿನಾರಿನಲ್ಲಿ ನೂರು ಜನರೆದುರು ತೋರಿಸುತ್ತಿದ್ದ, ಆ ಹುಡುಗಿ ಜೀವಮಾನವೆಲ್ಲ ಅದನ್ನು ಹೊತ್ತು ತಿರುಗುತ್ತಿದ್ದಳು. ಫೋನಿನಲ್ಲಿ ಹೇಳುವ ಮಾತಲ್ಲ ಇದು ಎಂದು ತ್ರಿವೇಣಿಗೆ ಅನ್ನಿಸಿತು. ಎದುರಿಗೆ ಹೇಳುವ ಮಾತೂ ಅಲ್ಲ ಎಂದೂ ಅನ್ನಿಸಿತು. ಆದರೂ ಹೊರಟಳು.

“ಅತ್ತೆ ಮನೆಗೇನೇ? ಹೇಳ್ದೆ ಕೇಳ್ದೆ?” ಎಂದು ಗುರುಶಾಂತಮ್ಮ ನಗುವನ್ನು ಸೆರಗಿನಲ್ಲಿ ಅಡಗಿಸಿಕೊಂಡಳು.

“ಕೆಲಸ ಐತಮ್ಮ. ಕಾಲೇಜಿಗೆ.”

“ಆಗ್ಲಿ ಬಿಡು, ಕೆಲ್ಸನೇ ಅಂದ್ಕಂತೀನಿ. ಆ ನೀಲಿ ಸೀರೆ ಉಟ್ಕೊಂಡು ಹೋಗು.”

ಬಸ್ಸು ಸೋಮಂದೇಪಲ್ಲಿ ದಾಟಿ ಪೆನುಕೊಂಡದ ಕಡೆ ತಿರುಗುವಷ್ಟರಲ್ಲಿ ಅವಳು ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಜೋಡಿಸಿ ಮುಗಿಸಿದ್ದಳು. ಮೊದಲು ಬಾಣದ ವಿಷಯ, ನಂತರ ಪುರಾವೆಯ ವಿಷಯ, ಆಮೇಲೆ ತನ್ನ ವಿಷಯ. ಪೆನುಕೊಂಡ ಹಿಂದಕ್ಕೆ ಸರಿದಂತೆಲ್ಲ ಮೂರನೆಯದು ಚಿಕ್ಕದಾಗುತ್ತ ಬಂತು. ಕಲ್ಯಾಣದುರ್ಗದಲ್ಲಿ ಇಳಿಯುವ ಹೊತ್ತಿಗೆ ಅದು ಉಳಿದೇ ಇರಲಿಲ್ಲ.

ಕಾಲೇಜಿನ ಪ್ರಯೋಗಶಾಲೆ ಹಿಂಭಾಗದಲ್ಲಿ ಒಂದು ಉದ್ದನೆಯ ಕೋಣೆ. ಕಿಟಕಿಯ ಪಕ್ಕದ ಮೇಜಿನ ಮೇಲೆ ಬೆಳಕು ಹಾಯಿಸಿ ದ್ರಾವಣವನ್ನು ಅಳೆಯುವ ಯಂತ್ರ. ಅದರ ಮುಚ್ಚಳವನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದಿದ್ದರು. ಯಂತ್ರದ ಮುಂದೆ ಕೂತಿದ್ದ ಬಡಕಲು ಹುಡುಗಿ ಧಡಕ್ಕನೆ ಎದ್ದು ನಿಂತಳು.

“ನೋಡಮ್ಮ ಕೀರ್ತನಾ, ಯಾರು ಬಂದವ್ರೆ!” ಎಂದು ಅಮರೇಶ್ ತ್ರಿವೇಣಿಯನ್ನು ಮೆರವಣಿಗೆಯಲ್ಲಿ ಕರೆತಂದವನಂತೆ ಮುಂದೆ ನಿಲ್ಲಿಸಿದ. “ಪಥಕೋಶದ ಟಿ.ಎಲ್. ಅಂತೀಯಲ್ಲ, ಇವ್ರೇ. ನಿನ್ ರಿಸಲ್ಟ್ ನೋಡಾಕೆ ಹಿಂದೂಪುರದಿಂದ ಬಂದವ್ರೆ. ನಿನ್ ಅದೃಷ್ಟ ಕಣಮ್ಮ.”

ಹುಡುಗಿಯ ಮುಖದಲ್ಲಿದ್ದ ಬಣ್ಣ ಇಳಿಯಿತು. “ನಮಸ್ತೆ ಮೇಡಮ್,” ಎಂದಳು. ನೀರು ತರಲು ಓಡಿದಳು. ಲೋಟ ಕೊಟ್ಟು ಯಂತ್ರಕ್ಕೆ ಅಡ್ಡವಾಗಿ ನಿಂತಳು. ತಾನು ತಪಾಸಣೆಗೆ ಬಂದವಳೆಂದು ಅವಳು ತಿಳಿದಿದ್ದಾಳೆ ಎಂದು ತ್ರಿವೇಣಿಗೆ ಹೊಳೆಯಿತು. ತಪ್ಪಿತಸ್ಥಳಿಗೆ ತಪ್ಪಿತಸ್ಥಳೇ ನೀರು ಕೊಡುತ್ತಿದ್ದಳು. ಯಾರು ಯಾರಿಗೆ ಹೆದರಬೇಕಿತ್ತು!

“ಕೂತ್ಕೊ ಕೀರ್ತನಾ,” ಎಂದಳು. “ಬಾವ, ನೀವೂ ಕೂತ್ಕೊಳ್ಳಿ. ಆ ಕೊನೆಯ ಬಾಣದ ವಿಷಯ. ಅದು... ಅದು ಮೊದಲಿಗೆ ಕಂಪ್ಯೂಟರ್ ಮಾಡಿದ ಊಹೆ. ಊಹೆ ಸರಿಯಾಗಿಲ್ಲ ಅಂತ ಈಗ ಗೊತ್ತಾಗಿದೆ. ಹಾಗಾಗಿ ಬದಲಾಯಿಸಬೇಕಾಗಿದೆ.”

ಸುಳ್ಳಲ್ಲ. ಒಂದೊಂದು ಪದವೂ ನಿಜ. ಪ್ರತಿ ಪದವನ್ನೂ ತೂಗಿ ಬಳಸುವ ವಿದ್ಯೆ ಇಂಥ ಹೊತ್ತಿಗೂ ಒದಗಿ ಬಂದದ್ದನ್ನು ಕಂಡು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

“ಕಂಪ್ಯೂಟರ್ ತಪ್ಪಾ?” ಅಮರೇಶ್ ಒಂದು ಕ್ಷಣ ಕಕ್ಕಾಬಿಕ್ಕಿಯಾದ, ಮರುಕ್ಷಣ ಚೇತರಿಸಿಕೊಂಡ. “ಆದ್ರೇನಂತೆ! ಊಹೆ ತಪ್ಪಿರ್ಬೋದು, ಈಗ ನಮ್ ಕೀರ್ತನಾ ನಿಜವಾಗ್ಲೂ ತೋರ್ಸವ್ಳಲ್ಲ? ಕಂಪ್ಯೂಟರಿಗಿಂತ ಕಲ್ಯಾಣದುರ್ಗ ವಾಸಿ ಅಂತಾಯ್ತು!”

ಅವನು ನಕ್ಕ. ಯಾರೂ ಜೊತೆಗೂಡಲಿಲ್ಲ. ಕೀರ್ತನಾ ತಲೆ ತಗ್ಗಿಸಿ ಕೂತಿದ್ದಳು. ತಲೆ ಎತ್ತದೆಯೇ ಮೆಲ್ಲಗೆ ಕೇಳಿದಳು:

“ಮೇಡಮ್, ಕಂಪ್ಯೂಟರ್ ಊಹೆ ಆದ್ರೆ ಬೂದಿ ಬಣ್ಣ ಇರ್ಬೇಕಲ್ವಾ? ಹಸ್ರು ಯಾಕಿತ್ತು?”

ತ್ರಿವೇಣಿ ನೀರಿನ ಲೋಟವನ್ನು ಕೆಳಗಿಟ್ಟಳು.

“ಹಸ್ರು ಮನುಷ್ಯರೇ ಹಾಕ್ಬೇಕು ಅಂತ ನಿಮ್ ಸೈಟಿನಾಗೇ ಬರ್ದೈತೆ. ಅದಕ್ಕೇ ನಾನು ನಂಬಿದ್ದು.”

ಅಮರೇಶ್ ತ್ರಿವೇಣಿಯ ಕಡೆ ನೋಡಿದ. ಅವನ ಮುಖದಲ್ಲಿ ಇನ್ನೂ ನಗುವಿನ ಉಳಿಕೆಯಿತ್ತು. ಅವಳು ಅವನನ್ನು ನೋಡದೆ, ಮೇಜಿನ ಮೇಲೆ ಆಸಿಡ್ ಬಿದ್ದು ಆಗಿದ್ದ ಒಂದು ಕಲೆಯನ್ನು ನೋಡುತ್ತ ಹೇಳಿದಳು: “ನಾನು ಹಾಕಿದ್ದು. ಬಾವನ ಪ್ರಬಂಧ ಆಧಾರ ಅಂತ ಹಾಕಿದೆ. ಪೂರ್ತಿ ಓದಿರಲಿಲ್ಲ. ಅದರಲ್ಲಿ ಆ ಕಿಣ್ವದ ಪ್ರಯೋಗವೇ ಇಲ್ಲ. ಒಂದು ವಾಕ್ಯ ಇದೆ. ಆ ವಾಕ್ಯಕ್ಕೆ ಪಥಕೋಶವೇ ಆಧಾರ.”

ಅಮರೇಶನ ಕುತ್ತಿಗೆಯ ನರ ಉಬ್ಬಿತು.

“ನೀನು ಹಸ್ರು ಮಾಡ್ದೆ ಅಂದ್ಮೇಲೆ ಇನ್ಯಾರೋ ಪ್ರಯೋಗ ಮಾಡಿ ನೋಡಿರ್ತಾರೆ ಅಂದ್ಕಂಡಿದ್ದೆ,” ಎಂದ.

“ಕೆಳಗೆ ನಿಮ್ಮ ಹೆಸರೇ ಇತ್ತಲ್ಲ ಬಾವ. ವಾಟ್ಸಾಪ್ ಸ್ಟೇಟಸ್‌ಗೂ ಹಾಕಿದ್ರಿ.”

“ಹೆಸ್ರು ನೋಡಿದ ಖುಷಿಯಾಗೆ ಯಾವ ವಾಕ್ಯಕ್ಕೆ ಅಂತ ಯಾರು ನೋಡ್ತಾರೆ?”

“ನೀವು ಬರೆದಿದೀರಿ ಅಂದ ಮೇಲೆ ನೀವು ನೋಡಿರ್ತೀರಿ ಅಂದ್ಕೊಂಡೆ ನಾನು.”

“ಅಂದ್ರೆ ಇಬ್ರೂ ನೋಡಿಲ್ಲ,” ಎಂದಳು ಕೀರ್ತನಾ. ಅವಳ ದನಿ ಈಗ ಮೆಲ್ಲಗಿರಲಿಲ್ಲ. “ನೋಡಿದ್ದು ನಾನೊಬ್ಳೇ.”

ಅಮರೇಶ್ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದ. “ಸರಿ, ಸರ್ಲೇ! ಹಳೇದು ಹೋಯ್ತು. ಈಗ ಬಂದೈತಲ್ಲ ರಿಸಲ್ಟು, ಅದೇನು ಸುಳ್ಳಾ?” ಎಂದು ಹುಡುಗಿಯ ಕಡೆ ತಿರುಗಿದ.

ಗೆರೆಯ ಕಚ್ಚಿನ ವಿಷಯ ತ್ರಿವೇಣಿಯ ನಾಲಿಗೆಯ ತುದಿಯಲ್ಲಿತ್ತು. ಅದನ್ನು ಹೇಳಿದರೆ ಕೋಣೆಯಲ್ಲಿದ್ದ ನಾಚಿಕೆಯ ಅರ್ಧವಾದರೂ ಆ ಹುಡುಗಿಯ ಪಾಲಿಗೆ ಹೋಗುತ್ತಿತ್ತು, ತನ್ನ ಭಾರ ಅಷ್ಟು ಇಳಿಯುತ್ತಿತ್ತು. ಇಳಿಯುತ್ತದೆ ಎಂಬ ಕಾರಣಕ್ಕೇ ಅವಳು ತುಟಿ ಬಿಗಿಹಿಡಿದಳು.

“ಸುಳ್ಳು ಸರ್,” ಎಂದಳು ಕೀರ್ತನಾ. “ದ್ರಾಕ್ಷಿದು. ಹೆಸ್ರು ಬದಲಾಯ್ಸಿದೆ.”

“ಏನಂದೆ?”

“ಕೈ ಸರಿಯಿಲ್ಲ ಕೈ ಸರಿಯಿಲ್ಲ ಅಂತಿದ್ರಲ್ಲ ಸರ್. ನಮ್ ಅವ್ವನೂ ಫೋನ್ ಮಾಡಿದಾಗೆಲ್ಲ ಏನಾಯ್ತಮ್ಮ ಅಂತಾಳೆ. ಎಷ್ಟು ದಿನ ಅಂತ ಹೇಳ್ಲಿ ಏನೂ ಬರ್ಲಿಲ್ಲ ಅಂತ? ಲೋಕಕ್ಕೆಲ್ಲ ಕಾಣೋದು ನನಗೊಬ್ಳಿಗೆ ಕಾಣಾಕಿಲ್ಲ ಅಂದ್ಮೇಲೆ ಅದು ಇರೋದೇ ನಿಜ, ನಾನೇ ದಂಡ, ಹೆಂಗೂ ಇರೋದನ್ನೇ ತಾನೆ ತೋರ್ಸೋದು ಅಂದ್ಕಂಡೆ.” ಅವಳ ಕಣ್ಣು ತುಂಬಿತ್ತು, ಆದರೆ ಒರೆಸಿಕೊಳ್ಳಲಿಲ್ಲ. ಇದ್ದಕ್ಕಿದ್ದಂತೆ ತ್ರಿವೇಣಿಯ ಕಡೆ ತಿರುಗಿದಳು. “ಅಕ್ಕ, ನಾನು ಸೈಟಿಗೆ ಬರ್ದಿದ್ನಲ್ಲ, ಅದು ನಿಮಗೇ ಬಂದಿತ್ತಾ?”

ಮೇಡಮ್ ಎಂಬುದು ಅಕ್ಕ ಆಗಿತ್ತು. ಬೈಗುಳವಾಗಿದ್ದರೆ ತಡೆದುಕೊಳ್ಳುವುದು ಸುಲಭವಿತ್ತು.

“ನನಗೇ ಬಂದಿತ್ತು.”

“ಓದಿದ್ರಾ?”

“ಅವತ್ತೇ ಓದಿದೆ. ಅವತ್ತೇ ಗೊತ್ತಾಯ್ತು.”

“ಮತ್ತೆ ಯಾಕಕ್ಕ ಉತ್ತರ ಕೊಡ್ಲಿಲ್ಲ? ದಿನಾ ನೋಡ್ತಿದ್ದೆ. ಪಾಠ ಕೇಳ್ತಾ ಕೇಳ್ತಾ ನೋಡ್ತಿದ್ದೆ.”

ತ್ರಿವೇಣಿ ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಯಾವ ವಾಕ್ಯವೂ ಈ ಪ್ರಶ್ನೆಗೆ ಉತ್ತರವಾಗಿರಲಿಲ್ಲ. “ನಾಚಿಕೆ ಆಯ್ತು,” ಎಂದಳು. “ನನ್ನ ಮಾನ ಉಳಿಸಿಕೊಳ್ಳೋದನ್ನ ನೋಡಿದೆ. ನೀನು ಅಲ್ಲಿ ಕಾಯ್ತಿರ್ತೀಯ ಅನ್ನೋದನ್ನ ನೋಡಲಿಲ್ಲ.”

ಕೀರ್ತನಾ ತಲೆಯಾಡಿಸಿದಳು. ಕ್ಷಮಿಸಿದೆ ಎಂಬಂತಲ್ಲ, ಲೆಕ್ಕ ತಾಳೆಯಾಯಿತು ಎಂಬಂತೆ.

ಅಮರೇಶ್ ಬಾಗಿಲ ಬಳಿ ನಿಂತಿದ್ದ. “ಸೆಮಿನಾರಿನೋರಿಗೆ ಏನ್ ಹೇಳ್ಲಿ ನಾನು? ಫೋನಿನಾಗೆ ಒಂದ್ ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ? ಸ್ಟೂಡೆಂಟ್ ಮುಂದೆ ನನ್ ಮರ್ಯಾದೆ ತೆಗ್ದ್ಯಲ್ಲೇ,” ಎಂದ. ದನಿ ಒಡೆದಿತ್ತು. ಉತ್ತರಕ್ಕೆ ಕಾಯದೆ ಹೊರಗಿನ ಜಗಲಿಗೆ ಹೋಗಿ, ಕಂಬಕ್ಕೆ ಒರಗಿ ನಿಂತ. ಹಬ್ಬದ ದಿನ ಪಕ್ಕದ ಎಲೆಯಲ್ಲಿ ಕೂತು ಹೋಳಿಗೆಗೆ ತುಪ್ಪ ಬಡಿಸಿಕೊಳ್ಳುತ್ತಿದ್ದ ಬಾವ ಅವನೇ ಎಂದು ನಂಬುವುದು ಕಷ್ಟವಾಗುವಷ್ಟು ಅವನ ಬೆನ್ನು ಅಪರಿಚಿತವಾಗಿ ಕಂಡಿತು.

ತ್ರಿವೇಣಿ ಲ್ಯಾಪ್‌ಟಾಪ್ ತೆರೆದಳು. “ಬಾಣವನ್ನ ವಾಪಸ್ ಬೂದಿ ಮಾಡ್ತೀನಿ,” ಎಂದಳು.

“ಬೂದಿ ಯಾಕೆ?” ಕೀರ್ತನಾ ಸ್ಟೂಲು ಎಳೆದುಕೊಂಡು ಪಕ್ಕಕ್ಕೆ ಬಂದಳು. “ಬೂದಿ ಅಂದ್ರೆ ಯಾರೂ ನೋಡಿಲ್ಲ ಅಂತ. ನಾನು ನೋಡಿದೀನಲ್ಲ. ದ್ರಾಕ್ಷಿ ಬಂತು, ಇದು ಬರ್ಲಿಲ್ಲ. ಹತ್ತಾರು ಸಲ ಬರ್ಲಿಲ್ಲ.”

ಪಥಕೋಶದಲ್ಲಿ ಅದಕ್ಕೂ ಒಂದು ಗುರುತಿತ್ತು: ‘ಹುಡುಕಿದೆ, ಕಾಣಲಿಲ್ಲ.’ ಯಾರೂ ಬಳಸದ ಗುರುತು. ಕಾಣದ್ದನ್ನು ಪ್ರಬಂಧ ಮಾಡಿ ಅಚ್ಚು ಹಾಕಿಸುವವರು ಯಾರಿದ್ದಾರೆ? ಮೂರು ವರ್ಷಗಳಲ್ಲಿ ತ್ರಿವೇಣಿ ಅದನ್ನು ಒಮ್ಮೆಯೂ ಒತ್ತಿರಲಿಲ್ಲ. ಈಗ ಒತ್ತಿದಳು. ನೆಲಕ್ಕಂಟಿ ಮಲಗಿದ್ದ ಗೆರೆಯ ಮೊದಲ ಗ್ರಾಫನ್ನು ಸೇರಿಸಿದಳು. ಪುರಾವೆ ಕೊಟ್ಟವರ ಜಾಗದಲ್ಲಿ ಕೀರ್ತನಾಳ ಹೆಸರನ್ನು ಬರೆದಳು.

“ಬದಲಾವಣೆಗೆ ಕಾರಣ?” ಎಂದು ತೆರೆ ಕೇಳಿತು. ಆಯ್ಕೆಗಳು ತಾವಾಗಿ ಬಿಚ್ಚಿಕೊಂಡವು. ‘ಹೊಸ ಪುರಾವೆ’ ಎಂಬುದು ಮೊದಲನೆಯದು. ಅದೂ ಸುಳ್ಳಲ್ಲ. ತೋರುಬೆರಳು ಅದರ ಮೇಲೆ ಅಷ್ಟು ಹೊತ್ತು ನಿಂತದ್ದನ್ನು ಪಕ್ಕದ ಹುಡುಗಿ ನೋಡುತ್ತಿದ್ದಳು. ತ್ರಿವೇಣಿ ಕೆಳಗಿಳಿದು, ಕೊನೆಯಲ್ಲಿದ್ದ ‘ಪರಿಶೀಲಕರ ತಪ್ಪು’ ಎಂಬುದನ್ನು ಒತ್ತಿದಳು. ‘ಲೇಖಕರು ನಿಮಗೆ ಬಂಧುಗಳೇ?’ ಎಂಬಲ್ಲಿ ‘ಹೌದು’ ಎಂದು ತಿದ್ದಿದಳು. ವಿವರ ಬರೆಯುವ ಜಾಗದಲ್ಲಿ, ಟಿ.ಎಲ್. ಎಂದಲ್ಲ, ಪೂರ್ತಿ ಹೆಸರು ಹಾಕಿ ನಡೆದದ್ದನ್ನು ಬರೆದಳು. ಆ ಪುಟವನ್ನು ಹಿಂಬಾಲಿಸುವವರಿಗೆಲ್ಲ ಸೂಚನೆ ಹೋಗುವುದು ವ್ಯವಸ್ಥೆಯ ಪದ್ಧತಿ. ಜಗಲಿಯಲ್ಲಿ ಅಮರೇಶನ ಫೋನು ಟಿಣ್ ಎಂದಿತು. ಅವನು ಅದನ್ನು ಜೇಬಿನಿಂದ ತೆಗೆದು ನೋಡಿದ. ಬಹಳ ಹೊತ್ತು ನೋಡಿದ. ಮತ್ತೆ ಜೇಬಿಗೆ ಹಾಕಿಕೊಂಡ.

“ಆ ಇನ್ನೊಂದು ಗ್ರಾಫಿನ ವಿಷಯ ನಾನು ಪ್ರಿನ್ಸಿಪಾಲರಿಗೆ ತಿಳಿಸಿ ಹೇಳ್ತೀನಿ,” ಎಂದಳು ತ್ರಿವೇಣಿ. “ನಿನ್ನ ಮೇಲೆ ಬರದ ಹಾಗೆ...”

“ಬ್ಯಾಡಕ್ಕ. ಮಾಡಿದೋಳು ನಾನು. ನಾಳೆ ನಾನೇ ಹೋಯ್ತೀನಿ.” ಕೀರ್ತನಾ ಗೋಡೆಯ ಗಡಿಯಾರ ನೋಡಿದಳು. “ನಿಮ್ ಬಸ್ಸಿಗೆ ಟೈಮಾಗ್ತೈತೆ.”

ತ್ರಿವೇಣಿ ಏಳಲಿಲ್ಲ. ಏನಾದರೂ ಮಾಡಿ ಹೋಗಬೇಕು ಎಂಬ ತಹತಹ ಅವಳನ್ನು ಕೂರಿಸಿತ್ತು. ಸಿಂಕಿನ ಪಕ್ಕದ ತಟ್ಟೆಯಲ್ಲಿ ಬೆಳಗಿನ ಪ್ರಯೋಗದ ಗಾಜಿನ ಪುಟ್ಟ ಚೌಕ ಕೊಳವೆಗಳಿದ್ದವು. ದ್ರಾವಣ ತುಂಬಿ ಯಂತ್ರದೊಳಗೆ ಇಡುವಂಥವು. ಹುಡುಗಿ ಅವನ್ನು ತೊಳೆಯಲು ಶುರುಮಾಡಿದ್ದಳು. ತ್ರಿವೇಣಿ ಸೆರಗು ಸಿಕ್ಕಿಸಿಕೊಂಡು ಬಳಿಗೆ ಹೋಗಿ ಒಂದು ಕೊಳವೆ ಎತ್ತಿಕೊಂಡಳು.

“ಕೊಡಿ ಅಕ್ಕ.” ಕೀರ್ತನಾ ಒದ್ದೆ ಕೈ ಚಾಚಿ ಅದನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು. ಮಾತಿನಲ್ಲಿ ಸಿಟ್ಟಿರಲಿಲ್ಲ. “ಇರೋವೇ ನಾಲ್ಕು. ಗೀರು ಬಿದ್ರೆ ಅಳತೆ ಕೆಡ್ತೈತೆ. ನನ್ ಕೈಗಾದ್ರೆ ಅಭ್ಯಾಸ ಐತೆ.”

ಅವಳು ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ನಾಲ್ಕೂ ಮೈಯನ್ನು ತಿರುಗಿಸಿ ತಿರುಗಿಸಿ ನೋಡಿ, ಬಟ್ಟೆಯ ಮೇಲೆ ಬೋರಲು ಹಾಕಿದಳು. ಇನ್ನೊಂದನ್ನು ಎತ್ತಿಕೊಂಡಳು. ತ್ರಿವೇಣಿ ಸ್ವಲ್ಪ ಹಿಂದೆ ಸರಿದು ಅವಳಿಗೆ ಜಾಗ ಬಿಟ್ಟು, ತನ್ನ ಎರಡು ಕೈಗಳನ್ನೂ ಎಲ್ಲಿಡಬೇಕೆಂದು ತಿಳಿಯದೆ ನಿಂತುಕೊಂಡಳು.